ಬೆಂಕಿಯೂ ನೀರೂ ಕೂಡಿ ಕಟ್ಟಿದ ನಾಡು

ಬೆಂಕಿಗೂ ನೀರಿಗೂ ಹುಟ್ಟುಹಗೆಯೆಂಬುದು ನಮ್ಮಲ್ಲಿ ರೂಢಿಯಾಗಿ ಬಂದ ಮಾತು. ನೀರು ಬಿದ್ದರೆ ಬೆಂಕಿ ಆರುತ್ತದೆ; ಬೆಂಕಿ ತಾಗಿದರೆ ನೀರು ಆವಿಯಾಗಿ ಹಾರಿಹೋಗುತ್ತದೆ. ಒಲೆಯ ಮುಂದೆ ಕುಳಿತವರಿಗೆ ಇಷ್ಟು ತಿಳಿದಿದ್ದರೆ ಸಾಕು. ಆದರೆ ಒಲೆ ಭೂಗರ್ಭದಲ್ಲಿದ್ದು, ನೀರು ಸರೋವರವಾಗಿಯೋ ಜೌಗುನೆಲವಾಗಿಯೋ ಹಿಮನದಿಯಾಗಿಯೋ ಅದರ ಮೇಲೆ ನಿಂತಿದ್ದರೆ ಏನಾದೀತು? ಆಗ ಇವೆರಡೂ ಎದುರಾಗುವ ಬಗೆ ಒಂದೇ ಅಲ್ಲ. ಬಗೆ ಬದಲಾದಂತೆ ಅವು ಕಟ್ಟುವ ನೆಲದ ರೂಪವೂ ಬದಲಾಗುತ್ತದೆ. ಈ ಸಂಗತಿಯನ್ನು ಒಂದೇ ದಿನದ ಸುತ್ತಾಟದಲ್ಲಿ ಕಣ್ಣಾರೆ ಕಾಣಿಸಬಲ್ಲ ಪ್ರದೇಶವೆಂದರೆ ಐಸ್‌ಲೆಂಡಿನ ಉತ್ತರ ಭಾಗ. ಅಲ್ಲಿನ ಅಕುರೇರಿ ಪಟ್ಟಣದಿಂದ ಪ್ರವಾಸಿಗಳನ್ನು ಬೆಳಗ್ಗೆ ಬಸ್ಸಿನಲ್ಲಿ ಕರೆದೊಯ್ದು, ಎಲ್ಲವನ್ನೂ ತೋರಿಸಿ, ಸಂಜೆಗೆ ಹಿಂದಕ್ಕೆ ತಂದುಬಿಡುವ ಏರ್ಪಾಡುಂಟು. ಜುಲೈ ತಿಂಗಳ ಒಂದು ದಿನ ನಾವು ಅಂಥದೊಂದು ತಂಡವನ್ನು ಸೇರಿದೆವು.

ಹೊರಡುವ ಮುನ್ನ ಆ ನಾಡಿನ ಬುಡವನ್ನಿಷ್ಟು ಅರಿತಿರುವುದು ಒಳ್ಳೆಯದು. ಐಸ್‌ಲೆಂಡ್ ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿರುವ ದ್ವೀಪ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡದು. ಜನಸಂಖ್ಯೆಯಾದರೋ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ. ಈ ಸಾಗರದ ತಳದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾವಿರಾರು ಕಿಲೋಮೀಟರು ಹಬ್ಬಿದ ಪರ್ವತಶ್ರೇಣಿಯೊಂದಿದೆ. ಅದರ ನಡುವಣ ಸೀಳಿನಲ್ಲಿ ಭೂಮಿಯ ಹೊರಚಿಪ್ಪಿನ ಎರಡು ಮಹಾಫಲಕಗಳು, ಅಮೆರಿಕದ ಕಡೆಯದೊಂದು, ಯೂರೋಪಿನ ಕಡೆಯದೊಂದು, ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ. ತೆರವಾದ ಎಡೆಗೆ ಕೆಳಗಿನಿಂದ ಶಿಲಾರಸ ಏರಿಬಂದು ಹೊಸ ನೆಲವಾಗುತ್ತದೆ. ಬೇರೆಡೆ ಈ ಕೆಲಸವೆಲ್ಲ ಕಡಲಿನ ಅಡಿಯಲ್ಲಿಯೇ ನಡೆಯುತ್ತದೆ. ಐಸ್‌ಲೆಂಡಿನ ಕೆಳಗೆ ಮಾತ್ರ ಭೂಗರ್ಭದ ಆಳದಿಂದ ಹೆಚ್ಚಿನ ಶಾಖವೂ ಮೇಲೇಳುತ್ತಿರುವುದರಿಂದ ಶಿಲಾರಸ ಹೇರಳವಾಗಿ ಹೊಮ್ಮಿ, ಶ್ರೇಣಿಯ ನೆತ್ತಿ ನೀರಿನಿಂದ ಮೇಲಕ್ಕೆ ತಲೆಯೆತ್ತಿದೆ. ಆ 2 ಸೆಂಟಿಮೀಟರಿನ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ದೇವತೆಗಳ ಜಲಪಾತ

ಅಕುರೇರಿಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಬಸ್ಸು ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಸುರಂಗವನ್ನು ಹೊಕ್ಕಿತು. ಬೆಟ್ಟವನ್ನು ಕೊರೆದು ಮಾಡಿದ ಈ ದಾರಿಯ ಕಥೆಯನ್ನು ನಮ್ಮ ಮಾರ್ಗದರ್ಶಿ ಹೇಳಿದರು. ಅವರು ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ಮಹಿಳೆ. 2014ರಲ್ಲಿ ಕೆಲಸಗಾರರು ಬಂಡೆಯನ್ನು ಸಿಡಿಸಿ ಮುಂದುವರಿಯುತ್ತಿದ್ದಾಗ ಬಿರುಕೊಂದರಿಂದ ಬಿಸಿನೀರು ನುಗ್ಗಿಬಂತು. ನೀರಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಹೊರಗೆ ಹಿಮ, ಒಳಗೆ ಬೆವರು. ಅಗ್ನಿಪರ್ವತವೊಂದೂ ಕಣ್ಣಿಗೆ ಬೀಳದ ಜಾಗದಲ್ಲಿ ಕೂಡ ಈ ನೆಲದಡಿ ಬಿಸಿನೀರು ಹರಿದಾಡುತ್ತಿದೆಯೆಂಬುದು ನಮಗೆ ದೊರೆತ ಮೊದಲನೆಯ ಪಾಠ.

ಸುರಂಗದಾಚೆ ಗೋದಾಫೋಸ್ ಜಲಪಾತ. ಇಲ್ಲಿ ನದಿಯೊಂದು ಹಳೆಯ ಲಾವಾಪ್ರವಾಹದ ಅಂಚಿನಿಂದ ಸುಮಾರು 12 ಮೀಟರ್ ಕೆಳಕ್ಕೆ, ಕುದುರೆಲಾಳದಂತೆ ಬಾಗಿ ಧುಮುಕುತ್ತದೆ. ಹೆಸರಿಗೆ ದೇವತೆಗಳ ಜಲಪಾತವೆಂದು ಅರ್ಥ. ಸುಮಾರು ಕ್ರಿ.ಶ. 1000ದಲ್ಲಿ ಐಸ್‌ಲೆಂಡಿನ ಜನ ಹಳೆಯ ದೈವಗಳನ್ನು ಬಿಟ್ಟು ಕ್ರೈಸ್ತಮತವನ್ನು ಸ್ವೀಕರಿಸಬೇಕೆಂದು ತೀರ್ಪಿತ್ತ ಥೋರ್ಗೇರ್ ಎಂಬ ನಾಯಕ ತನ್ನ ಮನೆದೇವರ ವಿಗ್ರಹಗಳನ್ನು ಈ ಮಡುವಿಗೆ ಎಸೆದನೆಂದು ಐತಿಹ್ಯ. ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದುದು ಜಲಪಾತದ ಮೆಟ್ಟಿಲನ್ನು. ಹಿಂದೊಮ್ಮೆ ಲಾವಾ ಹರಿದು ಹೆಪ್ಪುಗಟ್ಟಿ ಕಣಿವೆಯನ್ನು ತುಂಬಿತು. ಆಮೇಲೆ ನದಿ ಅದರ ಮೇಲೆ ಹಾಸಿ ಹರಿಯುತ್ತ ಅಂಚನ್ನು ಕೊರೆಯತೊಡಗಿತು. ಬೆಂಕಿ ಕಟ್ಟಿದ್ದನ್ನು ನೀರು ಆಮೇಲೆ ಬಂದು ಕೆತ್ತುವುದು ಇವೆರಡರ ಸಂಬಂಧದಲ್ಲಿ ಅತ್ಯಂತ ಸರಳವಾದ ಬಗೆ. ಮುಂದಿನ ನಿಲ್ದಾಣಗಳಲ್ಲಿ ಇವು ಇಷ್ಟು ದೂರದಿಂದ ಸಂಧಿಸುವುದಿಲ್ಲ.

ಬೇರಿಲ್ಲದ ಕುಂಡಗಳು

ಅಲ್ಲಿಂದ ಪೂರ್ವಕ್ಕೆ ಹೋದರೆ ಮೀವತ್ನ್ ಸರೋವರ. ಸುಮಾರು 37 ಚದರ ಕಿಲೋಮೀಟರ್ ಹರವಿದ್ದರೂ ಇದರ ಸರಾಸರಿ ಆಳ ಎರಡೂವರೆ ಮೀಟರ್ ಅಷ್ಟೆ. ಮೀವತ್ನ್ ಎಂದರೆ ನೊರಜಿನ ಸರೋವರ. ಬೇಸಗೆಯಲ್ಲಿ ಸಣ್ಣ ನೊರಜುಗಳು ಹೊಗೆಯ ಕಂಬದಂತೆ ದಡದ ಮೇಲೆದ್ದು ಮೂಗು ಬಾಯಿಗಳಿಗೆ ನುಗ್ಗುತ್ತವೆ. ಆದರೆ ಇವನ್ನು ಹಳಿಯುವಂತಿಲ್ಲ. ಇವುಗಳ ಮರಿಹುಳುಗಳೇ ಸರೋವರದ ಮೀನುಗಳಿಗೂ, ಇಲ್ಲಿ ಗೂಡುಕಟ್ಟುವ ಹತ್ತಾರು ಜಾತಿಯ ಬಾತುಗಳಿಗೂ ಆಹಾರ.

ಸರೋವರದ ತೆಂಕಣ ದಡದಲ್ಲಿ ಹುಲ್ಲು ಹೊದ್ದ ನೂರಾರು ಗುಡ್ಡಗಳಿವೆ. ಪ್ರತಿಯೊಂದರ ನೆತ್ತಿಯಲ್ಲೂ ಬಟ್ಟಲಿನಂಥ ಕುಳಿ. ನೋಡಿದ ಕೂಡಲೆ ಮರಿ ಅಗ್ನಿಪರ್ವತಗಳ ಹಿಂಡೆಂದೇ ತೋರುತ್ತದೆ. ಆದರೆ ಇವುಗಳಲ್ಲಿ ಒಂದರಿಂದಲೂ ಭೂಗರ್ಭದ ಶಿಲಾರಸ ಹೊರಬಂದಿಲ್ಲ. ಹಾಗಾದರೆ ಇವು ಹುಟ್ಟಿದ್ದು ಹೇಗೆ?

ಸುಮಾರು 2300 ವರ್ಷಗಳ ಹಿಂದೆ ಪೂರ್ವದಲ್ಲಿ ನೆಲ ಸೀಳಿ ಹೊಮ್ಮಿದ ಲಾವಾ ಇತ್ತ ಹರಿದುಬಂತು. ಆಗ ಇಲ್ಲಿದ್ದುದು ಸರೋವರ ಮತ್ತು ಜೌಗು. ಸುಮಾರು 1100 ಡಿಗ್ರಿಯ ಕರಗಿದ ಕಲ್ಲು ಒದ್ದೆ ಕೆಸರಿನ ಮೇಲೆ ಹಾಸಿಕೊಂಡಿತು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಹಬೆ ಚುರ್ರೆಂದು ಮೇಲಕ್ಕೆ ಹಾರಿ ಮುಗಿಯುತ್ತದೆ, ಏಕೆಂದರೆ ಅದಕ್ಕೆ ತಡೆಯಿಲ್ಲ. ಇಲ್ಲಿಯಾದರೋ ನೀರು ಕೆಳಗೆ, ಹೆಂಚು ಮೇಲೆ. ನೀರು ಹಬೆಯಾದಾಗ ಸಾಧಾರಣ ವಾಯುಭಾರದಲ್ಲಿ ಅದರ ಗಾತ್ರ ಸುಮಾರು 1700 ಪಟ್ಟು ಹೆಚ್ಚುತ್ತದೆ. ಹಿಗ್ಗಲು ಎಡೆಯಿಲ್ಲದ ಹಬೆ ಲಾವಾದ ಹೊದಿಕೆಯನ್ನು ಒಡೆದು ಚೂರುಗಳನ್ನು ಮೇಲಕ್ಕೆಸೆಯಿತು. ಚೂರುಗಳು ಸುತ್ತಲೂ ಬಿದ್ದು ಗುಡ್ಡವಾಯಿತು. ಆಳದ ಕೊಳವೆಯೊಡನೆ ಯಾವ ನಂಟೂ ಇಲ್ಲದ್ದರಿಂದ ಇವನ್ನು ಬೇರಿಲ್ಲದ ಕುಂಡಗಳೆನ್ನುತ್ತಾರೆ. ಮಂಗಳಗ್ರಹದ ಛಾಯಾಚಿತ್ರಗಳಲ್ಲಿ ಇಂಥವೇ ಆಕಾರಗಳು ಕಂಡಾಗ, ಅಲ್ಲಿಯೂ ಒಂದು ಕಾಲದಲ್ಲಿ ನೆಲದಡಿ ನೀರೋ ಮಂಜುಗಡ್ಡೆಯೋ ಇದ್ದಿರಬೇಕೆಂದು ವಿಜ್ಞಾನಿಗಳು ತರ್ಕಿಸಿದರು. ಅದೇ ಲಾವಾ ಹೊಳೆಯ ದಾರಿಗೆ ಅಡ್ಡಲಾಗಿ ನಿಂತು ಈಗಿನ ಮೀವತ್ನ್ ಸರೋವರಕ್ಕೆ ಒಡ್ಡಾಯಿತು.

ಪೂರ್ವದಂಡೆಯ ದಿಮ್ಮುಬೋರ್ಗಿರ್‌ನಲ್ಲಿ ಅದೇ ಲಾವಾ ಬೇರೊಂದು ರೀತಿಯಲ್ಲಿ ನೀರನ್ನು ಎದುರಿಸಿತು. ಕರಿಯ ಕೋಟೆಗಳು ಎಂದು ಹೆಸರಿನ ಅರ್ಥ. ಕಮಾನುಗಳು, ಗೋಪುರಗಳು, ಗವಿಗಳು ಒಂದರ ಪಕ್ಕದಲ್ಲೊಂದು ನಿಂತು ಹಾಳುಬಿದ್ದ ಪಟ್ಟಣವೊಂದನ್ನು ಹೊಕ್ಕಂತಾಗುತ್ತದೆ. ಇಲ್ಲಿ ಲಾವಾ ತಗ್ಗಿನಲ್ಲಿ ತಂಗಿ ಕರಗಿದ ಕಲ್ಲಿನ ಕೆರೆಯಾಯಿತು. ಅಡಿಯ ಜೌಗಿನಿಂದ ಹಬೆ ಅಲ್ಲಲ್ಲಿ ನೆಟ್ಟಗೆ ಮೇಲೇರುತ್ತ, ತಾನು ಹಾದ ದಾರಿಯ ಸುತ್ತಣ ಲಾವಾವನ್ನು ತಣಿಸಿ ಗಟ್ಟಿಮಾಡಿತು. ಕಡೆಗೆ ಕೆರೆಯ ಒಡ್ಡು ಒಡೆದು ಕರಗಿದ್ದೆಲ್ಲ ಸರೋವರದತ್ತ ಹರಿದುಹೋಯಿತು. ಹಬೆ ತಣಿಸಿದ್ದ ಕಂಬಗಳು ಮಾತ್ರ ಉಳಿದುಕೊಂಡುವು. ಹಬೆಗೆ ಹೊರದಾರಿ ಸಿಕ್ಕಿದುದರಿಂದ ಇಲ್ಲಿ ಸ್ಫೋಟವಿಲ್ಲ, ಶಿಲ್ಪವಿದೆ.

ಇವೆರಡಕ್ಕೂ ಹೊರತಾದ ಮೂರನೆಯ ಬಗೆ ಹತ್ತಿರದ ಹ್ವೆರ್‌ಫ್ಯಾಲ್. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಮೇಲೇರುತ್ತಿದ್ದ ಶಿಲಾರಸ ನೆಲದ ಬಾಯಿಯಲ್ಲಿಯೇ ನೀರನ್ನು ಸಂಧಿಸಿ ಪುಡಿಪುಡಿಯಾಗಿ ಸಿಡಿಯಿತು. ಆ ಬೂದಿ ಜಲ್ಲಿಗಳ ರಾಶಿಯೇ ಈ ಕಪ್ಪು ಗುಡ್ಡ. ಏರುದಾರಿಯಲ್ಲಿ ಹೆಜ್ಜೆಯಿಟ್ಟಲ್ಲೆಲ್ಲ ಜಲ್ಲಿ ಜಾರುತ್ತದೆ. ಅಂಚನ್ನು ತಲುಪಿ ನೋಡಿದರೆ ಒಂದು ಕಿಲೋಮೀಟರ್ ಅಗಲದ ಕುಳಿ, ಒಂದು ಗಿಡವೂ ಇಲ್ಲದೆ ಬರಿದಾಗಿ ಬಿದ್ದಿದೆ.

ಕುದಿಯುವ ಮಣ್ಣು

ಇಲ್ಲಿಯವರೆಗೆ ಕಂಡುದೆಲ್ಲ ಆರಿದ ಒಲೆಗಳು. ಇನ್ನು ಮುಂದಿನವು ಉರಿಯುತ್ತಿರುವವು. ಗ್ರ್ಯೋಟಗ್ಯಾ ಎಂಬುದು ಬಂಡೆಯ ಬಿರುಕಿನೊಳಗಿನ ಗವಿ. ಅದರ ತಳದಲ್ಲಿ ನೀಲಿಯಾದ ತಿಳಿನೀರಿನ ಬಿಸಿಕೊಳ. 1970ರ ದಶಕದವರೆಗೆ ಜನ ಇದರಲ್ಲಿ ಮೀಯುತ್ತಿದ್ದರು. ಆ ದಶಕದಲ್ಲಿ ಹತ್ತಿರದ ಅಗ್ನಿಪರ್ವತ ಎಚ್ಚೆತ್ತ ಮೇಲೆ ನೀರಿನ ಉಷ್ಣತೆ 50 ಡಿಗ್ರಿಗೂ ಮೇಲೇರಿತು, ಸ್ನಾನ ನಿಂತಿತು. ಈಗ ನೀರು ಎಷ್ಟೋ ತಣಿದಿದ್ದರೂ ಇಳಿಯಲು ಅಪ್ಪಣೆಯಿಲ್ಲ. ಉಷ್ಣಮಾಪಕವಿಲ್ಲದೆ ಭೂಗರ್ಭದ ಜ್ವರವನ್ನು ತಿಳಿಸಿದ ಕೊಳವಿದು.

ಮುಂದೆ ಬೆಟ್ಟವೊಂದನ್ನು ದಾಟಿದರೆ ಹ್ವೆರಿರ್. ಬಸ್ಸಿನ ಬಾಗಿಲು ತೆರೆದೊಡನೆ ಕೊಳೆತ ಮೊಟ್ಟೆಯ ವಾಸನೆ ಒಳನುಗ್ಗಿತು. ಅದು ಜಲಜನಕದ ಸಲ್ಫೈಡ್ ಅನಿಲ. ಕೇಸರಿ, ಹಳದಿ, ಬೂದು ಬಣ್ಣಗಳ ಬಯಲಿನಲ್ಲಿ ಅಲ್ಲಲ್ಲಿ ಹಬೆ ಸಿಳ್ಳೆಹಾಕುತ್ತದೆ. ಹಳ್ಳಗಳಲ್ಲಿ ಬೂದುಮಣ್ಣು ರಾಗಿ ಅಂಬಲಿಯಂತೆ ಗುಳುಗುಳು ಕುದಿಯುತ್ತದೆ. ಹಗ್ಗ ಕಟ್ಟಿದ ದಾರಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿರೆಂದು ಮಾರ್ಗದರ್ಶಿ ಎರಡೆರಡು ಸಲ ಎಚ್ಚರಿಸಿದರು. ಗಟ್ಟಿನೆಲದಂತೆ ತೋರುವುದು ಎಷ್ಟೋ ಕಡೆ ಕುದಿಕೆಸರಿನ ಮೇಲಣ ತೆಳುವಾದ ಕೆನೆ.

ಗ್ರ್ಯೋಟಗ್ಯಾದಲ್ಲಿ ತಿಳಿನೀರು, ಕೆಲವೇ ಕಿಲೋಮೀಟರಿನಾಚೆ ಕೆಸರು, ಇದೇಕೆ? ಮಳೆಯ ಮತ್ತು ಹಿಮದ ನೀರು ಬಿರುಕುಗಳ ಮೂಲಕ ಇಳಿದು ಬಿಸಿಬಂಡೆಯನ್ನು ಮುಟ್ಟಿ ಮೇಲೆ ಬರುತ್ತದೆ. ಅಂತರ್ಜಲ ಹೇರಳವಾಗಿದ್ದಲ್ಲಿ ಅದು ಬಿಸಿನೀರಿನ ಬುಗ್ಗೆ. ಹ್ವೆರಿರ್‌ನ ಕೆಳಗೆ ಒಂದು ಕಿಲೋಮೀಟರ್ ಆಳದಲ್ಲಿಯೇ ಉಷ್ಣತೆ 200 ಡಿಗ್ರಿಯನ್ನು ಮೀರಿದೆ. ನೆಲದ ಮೇಲೆ ನೀರು ಕಡಮೆ, ಹೀಗಾಗಿ ಹೊರಬೀಳುವುದು ಹಬೆ ಮತ್ತು ಅನಿಲಗಳು. ಸಲ್ಫೈಡು ಗಾಳಿಯ ಆಮ್ಲಜನಕದೊಡನೆ ಸೇರಿ ಗಂಧಕಾಮ್ಲವಾಗುತ್ತದೆ; ಆಮ್ಲ ಬಂಡೆಯನ್ನು ಅರೆದು ಜೇಡಿಮಣ್ಣು ಮಾಡುತ್ತದೆ. ಇಲ್ಲಿಯ ಗಂಧಕವನ್ನು ಹಿಂದೆ ಅಗೆದು ತೆಗೆದು ಯೂರೋಪಿಗೆ ಕಳುಹಿಸುತ್ತಿದ್ದರು. ಅಲ್ಲಿ ಅದು ಬಂದೂಕಿನ ಮದ್ದಿಗೆ ಬಳಕೆಯಾಗುತ್ತಿತ್ತು.

ಉಸಿರಾಡುವ ನೆಲ

ಹ್ವೆರಿರ್‌ನಿಂದ ಉತ್ತರಕ್ಕೆ ತಿರುಗಿದರೆ ಕ್ರಾಫ್ಲಾ. 1724ರ ಮೇ ತಿಂಗಳಲ್ಲಿ ಇಲ್ಲಿ ಮಹಾಸ್ಫೋಟವಾಗಿ ಸುಮಾರು 300 ಮೀಟರ್ ಅಗಲದ ಕುಳಿ ಬಿತ್ತು. ವೀತಿ, ಅಂದರೆ ನರಕ, ಎಂದು ಅದಕ್ಕೆ ಹೆಸರು. ಈಗ ಅದರಲ್ಲಿ ಹಸಿರುನೀಲಿ ನೀರು ಶಾಂತವಾಗಿ ನಿಂತಿದೆ. ಅಂದು ತೊಡಗಿದ ಉತ್ಪಾತ 1729ರವರೆಗೆ ನಡೆಯಿತು. ಕೊನೆಯ ವರ್ಷ ಲಾವಾ ಸರೋವರದ ದಡದ ರೇಕ್ಯಾಲೀದ್ ಹಳ್ಳಿಗೆ ಇಳಿದು ಹೊಲಮನೆಗಳನ್ನು ನುಂಗಿತು. ತುಸು ಎತ್ತರದಲ್ಲಿದ್ದ ಇಗರ್ಜಿಯನ್ನು ಮಾತ್ರ ಬಳಸಿಕೊಂಡು ಹೋಯಿತು. ಇಂದಿನ ಇಗರ್ಜಿ 1962ರಲ್ಲಿ ಕಟ್ಟಿದ್ದಾದರೂ, ಆ ಲಾವಾದ ಗೋಡೆ ಅದರ ಬಳಿ ಈಗಲೂ ಹಾಗೆಯೇ ಇದೆ.

ಆಮೇಲೆ ಎರಡೂವರೆ ಶತಮಾನ ಕ್ರಾಫ್ಲಾ ಬಹುಮಟ್ಟಿಗೆ ಮಲಗಿತ್ತು. 1970ರ ದಶಕದಲ್ಲಿ ಇಲ್ಲಿ ಭೂಶಾಖದಿಂದ ವಿದ್ಯುತ್ತನ್ನು ಪಡೆಯುವ ಕೇಂದ್ರವೊಂದನ್ನು ಕಟ್ಟತೊಡಗಿದರು. ಕಟ್ಟಡವೇಳುತ್ತಿರುವಾಗಲೇ, 1975ರ ಡಿಸೆಂಬರ್ 20ರಂದು, ನೆಲ ಸೀಳಿ ಲಾವಾ ಹೊಮ್ಮಿತು. 1984ರವರೆಗೆ ಒಂಬತ್ತು ಉತ್ಪಾತಗಳಾದುವು. 1977ರಲ್ಲಿ ಶಿಲಾರಸ ನೆಲದಡಿಯಲ್ಲಿ ದಕ್ಷಿಣಕ್ಕೆ ಸಾಗಿ, ಹಬೆಗಾಗಿ ಕೊರೆದಿದ್ದ ಕೊಳವೆಬಾವಿಯೊಂದರ ಬಾಯಿಂದಲೇ ಹೊರಚಿಮ್ಮಿತು!

ಇಷ್ಟಾದರೂ ಜನ ಊರು ಬಿಡಲಿಲ್ಲ, ಕೆಲಸವೂ ಕೈಬಿಡಲಿಲ್ಲ. ಇದು ಹುಂಬತನವಲ್ಲವೇ ಎಂದು ನಾವು ಕೇಳಿದಾಗ ಮಾರ್ಗದರ್ಶಿ ವಿದ್ಯುದಾಗಾರದ ಕಟ್ಟಡದತ್ತ ಕೈತೋರಿದರು. ಸುಮಾರು ಮೂರು ಕಿಲೋಮೀಟರ್ ಆಳದಲ್ಲಿ ಶಿಲಾರಸ ತುಂಬಿಕೊಳ್ಳುತ್ತಿದ್ದಂತೆ ನೆಲ ನಿಧಾನವಾಗಿ ಉಬ್ಬುತ್ತಿತ್ತು. ಅದು ಪಕ್ಕದ ಬಿರುಕುಗಳಿಗೆ ನುಗ್ಗಿದೊಡನೆ ನೆಲ ಬೇಗನೆ ಕುಸಿಯುತ್ತಿತ್ತು. ನೆಲ ಉಬ್ಬಿದಾಗ ಉದ್ದನೆಯ ಕಟ್ಟಡದ ಎರಡು ತುದಿಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತಿತ್ತು. ಅದನ್ನು ದಿನವೂ ಅಳೆದು, ಭೂಕಂಪಮಾಪಕಗಳ ದಾಖಲೆಯೊಡನೆ ಹೋಲಿಸಿ, ಮುಂದಿನ ಉತ್ಪಾತ ಸಮೀಪಿಸಿತೇ ಎಂಬುದನ್ನು ವಿಜ್ಞಾನಿಗಳು ಊಹಿಸಲು ಕಲಿತರು. ವಿದ್ಯುತ್ತಿಗೆಂದು ಕಟ್ಟಿದ ಮನೆಯೇ ಅಗ್ನಿಪರ್ವತದ ಉಸಿರನ್ನು ಅಳೆಯುವ ಉಪಕರಣವಾಯಿತು.

ಈಗ ನಮ್ಮ 2 ಸೆಂಟಿಮೀಟರಿನ ಲೆಕ್ಕಕ್ಕೆ ಬರೋಣ. 1729ರಿಂದ 1975ಕ್ಕೆ 246 ವರ್ಷ. ವರ್ಷಕ್ಕೆ 2 ಸೆಂಟಿಮೀಟರಿನಂತೆ ಫಲಕಗಳು ಸರಿಯಬೇಕಾದ ದೂರ ಸುಮಾರು 5 ಮೀಟರ್. ಆದರೆ ಗಟ್ಟಿಯಾದ ಹೊರಚಿಪ್ಪು ದಿನದಿನವೂ ಬಿಟ್ಟುಕೊಡದೆ ಎಳೆತವನ್ನು ಕೂಡಿಟ್ಟುಕೊಂಡಿತ್ತು. ಆ ಒಂಬತ್ತು ವರ್ಷಗಳಲ್ಲಿ ಕಟ್ಟು ಕಳಚಿ, ಕ್ರಾಫ್ಲಾದ ಬಿರುಕುಗಳ ಸೀಮೆ ಒಟ್ಟು ಹಲವು ಮೀಟರು ಅಗಲವಾಯಿತು. ಭೂಮಿ ಸಾಲವನ್ನು ಕಂತಿನಲ್ಲಿ ತೀರಿಸದೆ, ತಲೆಮಾರುಗಳ ಬಾಕಿಯನ್ನು ಒಟ್ಟಿಗೆ ತೀರಿಸುತ್ತದೆ. ಅಗ್ನಿಪರ್ವತದ ಬಳಿ ಬಾಳುವವರು ತಮ್ಮ ಅಜ್ಜಂದಿರ ಕಾಲದಲ್ಲಿ ಏನೂ ಆಗಲಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ.

ಇಂದು ಈ ಕೇಂದ್ರದ ಸಾಮರ್ಥ್ಯ 60 ಮೆಗಾವಾಟ್. ಕೊಳವೆಬಾವಿಗಳಿಂದ ಬಂದ ಹಬೆಯನ್ನು ನೀರಿನಿಂದ ಬೇರ್ಪಡಿಸಿ ಟರ್ಬೈನಿಗೆ ಊಡುತ್ತಾರೆ. 2009ರಲ್ಲಿ ಇನ್ನೂ ಆಳಕ್ಕೆ ಹೋಗಬೇಕೆಂದು ಕೊರೆಯುತ್ತಿದ್ದ ಬಾವಿಯೊಂದು 2.1 ಕಿಲೋಮೀಟರಿನಲ್ಲಿಯೇ ನಿಂತುಹೋಯಿತು; ಕೊರೆಯುಳಿ ಸುಮಾರು 900 ಡಿಗ್ರಿಯ ಶಿಲಾರಸಕ್ಕೇ ತಾಗಿತ್ತು. ಆ ಬಾವಿಯಿಂದ 450 ಡಿಗ್ರಿಯ ಹಬೆ ದೊರೆಯಿತು. ಅಷ್ಟು ಕಾವನ್ನು ತಾಳುವ ಸಾಮಗ್ರಿಗಳು ಸಾಲದೆ 2012ರಲ್ಲಿ ಬಾವಿಯನ್ನು ಮುಚ್ಚಬೇಕಾಯಿತು. ಬೆಂಕಿಯನ್ನು ಮುಟ್ಟಿದ್ದಾಗಿದೆ; ಅದಕ್ಕೆ ತಕ್ಕ ಪಾತ್ರೆ ಇನ್ನೂ ಆಗಬೇಕಾಗಿದೆ.

ದೆಟ್ಟಿಫೋಸ್

ದಿನದ ಕೊನೆಯ ನೋಟ ದೆಟ್ಟಿಫೋಸ್ ಜಲಪಾತ. ಕಾಣುವ ಮೊದಲೇ ಅದು ಕಾಲಿನಡಿಯ ಬಂಡೆಯ ನಡುಕದಿಂದ ತನ್ನ ಸುಳಿವನ್ನು ಕೊಡುತ್ತದೆ. ವಾತ್ನಾಯೋಕುಲ್ ಎಂಬ ಮಹಾಹಿಮನದಿಯಿಂದ ಹೊರಟ ಹೊಳೆ 100 ಮೀಟರ್ ಅಗಲವಾಗಿ 44 ಮೀಟರ್ ಕೆಳಕ್ಕೆ ಬೀಳುತ್ತದೆ. ನೀರು ಬೆಳ್ಳಗಿಲ್ಲ; ಹಿಮನದಿ ಅರೆದ ಕಲ್ಲಿನ ಹಿಟ್ಟು ತುಂಬಿ ಬೂದುಬಣ್ಣವಾಗಿದೆ. ನಮ್ಮ ಜೋಗದ ಎತ್ತರ 253 ಮೀಟರ್. ಅದರ ಮುಂದೆ ಇದು ಕುಳ್ಳು. ಆದರೆ ಇಲ್ಲಿ ಸರಾಸರಿ ಸೆಕೆಂಡಿಗೆ 193 ಘನಮೀಟರ್ ನೀರು ಧುಮುಕುತ್ತದೆ.

ಇದರ ಕೆಳಗಿನ ಕಮರಿ ಸುಮಾರು 25 ಕಿಲೋಮೀಟರ್ ಉದ್ದ. ಇಷ್ಟನ್ನು ಹೊಳೆ ದಿನನಿತ್ಯದ ಹರಿವಿನಿಂದಲೇ ಕೊರೆಯಲಿಲ್ಲ. ಹಿಮನದಿಯ ಅಡಿಯಲ್ಲಿ ಅಗ್ನಿಪರ್ವತ ಎದ್ದು, ಕರಗಿದ ಹಿಮ ಮಹಾಪೂರವಾಗಿ ನುಗ್ಗಿದಾಗ ಬಂಡೆಗಳೇ ಕಿತ್ತುಹೋಗಿ ಕಮರಿಯಾಯಿತು. ಬೆಂಕಿ ನೀರುಗಳ ಸಂಧಿಯಲ್ಲಿ ಇದೇ ಅತ್ಯಂತ ಭಯಂಕರವಾದ ಬಗೆ. ಕಮರಿಯ ಗೋಡೆಯಲ್ಲಿ ಲಾವಾದ ಪದರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿಗಳ ಎರೆಮಣ್ಣಿನ ಕೆಳಗಿರುವುದೂ ಇದೇ ಜಾತಿಯ ಬಸಾಲ್ಟ್ ಶಿಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದುಬಂದ ಲಾವಾ. ಉತ್ತರ ಕರ್ನಾಟಕದ ರೈತ ಜೋಳ ಬಿತ್ತುವ ನೆಲವೂ ಒಂದು ಕಾಲಕ್ಕೆ ಹೀಗೆಯೇ ಉರಿದದ್ದು.

ವಿದ್ಯಾರ್ಥಿಗಳು ಇಲ್ಲಿ ಚಿಕ್ಕದೊಂದು ಲೆಕ್ಕವನ್ನು ಮಾಡಿನೋಡಬಹುದು. ಸೆಕೆಂಡಿಗೆ 1,93,000 ಕಿಲೋಗ್ರಾಂ ನೀರು, 44 ಮೀಟರ್ ಎತ್ತರ, ಗುರುತ್ವದ ವೇಗೋತ್ಕರ್ಷ 9.8. ಮೂರನ್ನೂ ಗುಣಿಸಿದರೆ ಸುಮಾರು 83 ಮೆಗಾವಾಟ್. ಕ್ರಾಫ್ಲಾದ ಕೇಂದ್ರದ ಸಾಮರ್ಥ್ಯಕ್ಕಿಂತ ಹೆಚ್ಚಿನ ಶಕ್ತಿ ಇಲ್ಲಿ ಹಗಲಿರುಳೂ ಸದ್ದಾಗಿ, ತುಂತುರಾಗಿ, ಕಾವಾಗಿ ವ್ಯಯವಾಗುತ್ತಿದೆ. ಹಾಗಾದರೆ ಇದನ್ನು ಕಟ್ಟಿಹಾಕಬೇಡವೇ?

ಈ ಪ್ರಶ್ನೆಗೆ ಆ ಸೀಮೆಯ ಜನ ಒಂದು ಸಲ ಬಹು ಗಡುಸಾಗಿ ಉತ್ತರ ಕೊಟ್ಟಿದ್ದಾರೆ. ಮೀವತ್ನ್ ಸರೋವರದಿಂದ ಹೊರಡುವ ಲಾಕ್ಸೌ ನದಿಗೆ ದೊಡ್ಡ ಅಣೆಕಟ್ಟನ್ನು ಕಟ್ಟಿ ಕಣಿವೆಯನ್ನು ಮುಳುಗಿಸುವ ಯೋಜನೆ ಬಂದಾಗ, 1970ರ ಆಗಸ್ಟ್ 25ರಂದು ರೈತರು ನದಿಯ ಮೇಲಿದ್ದ ಸಣ್ಣ ಒಡ್ಡೊಂದನ್ನು ಸಿಡಿಮದ್ದಿಟ್ಟು ಒಡೆದರು. ಯಾರು ಮಾಡಿದರೆಂದು ವಿಚಾರಿಸಿದಾಗ ನೂರಕ್ಕೂ ಹೆಚ್ಚು ಮಂದಿ ತಾವೇ ಎಂದು ಮುಂದೆ ಬಂದರು. ಸಿಡಿಮದ್ದಿನ ದಾರಿ ಸರಿಯೇ ಎಂಬುದು ಬೇರೆಯ ಮಾತು. ದೊಡ್ಡ ಅಣೆಕಟ್ಟು ಏಳಲಿಲ್ಲ. 1974ರಲ್ಲಿ ಸರೋವರವನ್ನೂ ನದಿಯನ್ನೂ ಕಾಪಾಡುವ ಶಾಸನವಾಯಿತು. ದೆಟ್ಟಿಫೋಸ್ ಈಗ ರಾಷ್ಟ್ರೀಯ ಉದ್ಯಾನದ ಒಳಗಿದೆ. ಆ ಉದ್ಯಾನ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು.

ಹಾಗೆಂದು ಐಸ್‌ಲೆಂಡಿನವರು ಶಕ್ತಿಯನ್ನು ಬಳಸದ ಸಂನ್ಯಾಸಿಗಳಲ್ಲ. ಅವರ ವಿದ್ಯುತ್ತು ಹೆಚ್ಚುಕಡಮೆ ಎಲ್ಲವೂ ಬರುವುದು ಹೊಳೆಗಳಿಂದ ಮತ್ತು ಭೂಶಾಖದಿಂದ; ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡುವುದು ನೆಲದ ಬಿಸಿನೀರು. ಅವರು ಕೇಳಿಕೊಂಡ ಪ್ರಶ್ನೆ ತೆಗೆಯಬೇಕೋ ಬೇಡವೋ ಎಂಬುದಲ್ಲ. ಎಲ್ಲಿಂದ, ಎಷ್ಟು, ಏನನ್ನು ಕಳೆದುಕೊಂಡು ಎಂಬುದು. 1948ರಿಂದ ಶರಾವತಿಯ ನೀರಿನಲ್ಲಿ ದೀಪ ಹಚ್ಚಿಕೊಂಡ ನಮಗೂ ಇದು ಹೊಸದಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ನಾಡಿಗೆ ಬೆಳಕು ಬಂತು, ಊರುಗಳು ಮುಳುಗಿದುವು, ಬೇಸಗೆಯ ಜೋಗ ಬಡವಾಯಿತು. ನೀರಿನ ತೂಕವನ್ನು ಎತ್ತರದಿಂದ ಗುಣಿಸುವುದು ಶಾಲೆಯ ಹುಡುಗನಿಗೂ ಸಾಧ್ಯ. ಬಂದ ಉತ್ತರದ ಪಕ್ಕದಲ್ಲಿ ಮುಳುಗುವ ಕಣಿವೆಯನ್ನೂ, ಒಣಗುವ ಜಲಪಾತವನ್ನೂ, ಒಕ್ಕಲೇಳುವ ಮನೆಗಳನ್ನೂ ಬರೆದು ತೂಗುವುದೇ ಕಷ್ಟದ ಗಣಿತ. ಇಂದು ಪಾಠ ಓದುತ್ತಿರುವವರು ನಾಳೆ ಎಂಜಿನಿಯರುಗಳಾಗಿ, ಅಧಿಕಾರಿಗಳಾಗಿ, ಮತದಾರರಾಗಿ ಮಾಡಬೇಕಾಗಿರುವುದು ಆ ಗಣಿತವನ್ನೇ.